ಡಿಡಿಂಗಾ ಅಜ್ಜನಿಗೆ ನೀವು ತೊಡಿಸಿದ ಕೋಟು

ಮೋಹನನ ಅಪ್ಪನವರಿಗೆ,

ಬದುಕಿದ್ದಾಗ ನನ್ನ ಕಾಗದ ಓದಿ ನೀವು ನಕ್ಕದ್ದೇ ಹೆಚ್ಚು. ಮೂರನೇ ಕ್ಲಾಸಿನ ಅಕ್ಷರ, ಕೋಳಿ ಕೆದರಿದ ಹಾಗೆ ಉಂಟು ಅನ್ನುತ್ತಿದ್ದಿರಿ. ಈಗ ನಗಿ, ನೋಡುವ. ನಿಮ್ಮ ವರ್ಷಾಂತಿಕಕ್ಕೆ ಫೋಟೋ ದೊಡ್ಡದು ಮಾಡಿಸಿದ್ದೇನೆ. ಆ ಸುದ್ದಿಗೆ ಮೊದಲು ಪೀಟರನ ವಿಷಯ ತೆಗೆಯದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ಅರಬರ ದೇಶದಲ್ಲಿ, ಶುವೈಖ್‌ನ ಗ್ಯಾರೇಜುಗಳ ನಡುವಿನ ನಿಮ್ಮ ಸ್ಟುಡಿಯೋ ನೆನೆದರೆ ಮೊದಲು ಕಣ್ಣಿಗೆ ಬರುವುದು ಮೊಳೆಗೆ ತೂಗುಹಾಕಿದ ಆ ಕರಿ ಕೋಟು. ಇಕಾಮಾ ಎಂಬ ವಾಸದ ಪರವಾನಗಿಯ ಫೋಟೋಕ್ಕೆ ಬಂದ ಡ್ರೈವರ್, ಮೆಕ್ಯಾನಿಕ್, ಬಂದರಿನ ಹಮಾಲಿ, ಎಲ್ಲರ ಬೆವರೂ ಅದೇ ಕೋಟಿನಲ್ಲಿ. ಊರಿನಿಂದ ಬಂದ ಸತ್ತವರ ಫೋಟೋಗಳಿಗೂ ಬಣ್ಣದಲ್ಲಿ ಕೋಟು ಬರೆದು ಕೊಡುತ್ತಿದ್ದಿರಿ. ಕೋಮಣ ಕಟ್ಟಿ ಗದ್ದೆಯಲ್ಲೇ ಸತ್ತ ಎಷ್ಟು ಮುದುಕರು ನಿಮ್ಮ ಬ್ರಷ್ಷಿನಲ್ಲಿ ಬ್ಯಾಂಕ್ ಮ್ಯಾನೇಜರರಾದರು! ಅವರ ಮಕ್ಕಳು ಕಣ್ಣು ಒರೆಸಿಕೊಂಡು ಕೈ ಮುಗಿದರು. ಅಲ್ಲಿಗೆ ನಿಮ್ಮ ತಲೆ ತಿರುಗಿತು.

ನಮ್ಮ ಕಟ್ಟಡ ಕಾಯುವ ಪೀಟರ್ ಒಂದು ಹಳೇ ಫೋಟೋ ಎದೆಗೆ ಒತ್ತಿ ಹಿಡಿದುಕೊಂಡು ಬಂದದ್ದು ನೆನಪುಂಟಾ? ಸುಡಾನಿನ ದಕ್ಷಿಣದ ಗುಡ್ಡದವನು, ಡಿಡಿಂಗಾ ಜಾತಿಯವನು. ಇಂಗ್ಲಿಷರ ಕಾಲದಲ್ಲಿ ಒಬ್ಬ ಬಿಳಿ ಸಾಹೇಬ ಅವನ ಅಜ್ಜನನ್ನು ಕೂರಿಸಿ ತೆಗೆದ ಫೋಟೋ. ನಾನು ನಿಮ್ಮ ಬುತ್ತಿ ತಂದವಳು ಅಲ್ಲೇ ನಿಂತು ನೋಡಿದೆ. ಮುದುಕನ ತಲೆಯ ಮೇಲೆ ಕೂದಲಿನೊಂದಿಗೇ ಮಣಿ ನೇಯ್ದು ಕಟ್ಟಿದ ಟೊಪ್ಪಿಗೆ, ಅದಕ್ಕೊಂದು ಉಷ್ಟ್ರಪಕ್ಷಿಯ ಗರಿ, ಕುತ್ತಿಗೆಗೆ ಸುತ್ತು ಸುತ್ತು ಸರಿಗೆ, ಎದೆ ತುಂಬ ಮಣಿಸರ, ತೋಳಿನಲ್ಲಿ ದಂತದ ಬಳೆ. ಮದುವೆಯ ದಿನ ನೀವೂ ಅಷ್ಟು ಸಿಂಗಾರವಾಗಿರಲಿಲ್ಲ. ಪೀಟರ್ ಕೇಳಿದ್ದಾದರೂ ಏನು? "ಬಾಬಾ, ಈ ಮೂಲೆ ಹುಳ ತಿಂದಿದೆ. ಇಷ್ಟು ಮಾತ್ರ ಸರಿ ಮಾಡು."

ವಾರ ಕಳೆದು ಅವನು ಬಂದಾಗ ನೀವು ಮದುಮಗಳ ಮುಸುಕು ತೆಗೆಯುವ ಹಾಗೆ ಬಟ್ಟೆ ಸರಿಸಿದಿರಿ. ಒಳಗೆ ಕೋಟು, ಟೈ, ಬೈತಲೆ ತೆಗೆದು ಬಾಚಿದ ಕ್ರಾಪು! ಗರಿ ಇಲ್ಲ, ಮಣಿ ಇಲ್ಲ. ಅಸಲು ಫೋಟೋದ ಮೇಲೆಯೇ ಬ್ಲೇಡು ಆಡಿಸಿ ಅವನ್ನೆಲ್ಲ ಕೆರೆದಿದ್ದಿರಿ. ನಕಲು ತೆಗೆದರೆ ಪೇಪರ್ ದಂಡವಲ್ಲವೇ, ಜಿಪುಣಾಗ್ರೇಸರರೇ?

ಪೀಟರ್ ನಿಧಾನಕ್ಕೆ ಕೇಳಿದ. "ಇದು ಯಾರು, ಬಾಬಾ?"

"ನಿನ್ನ ಅಜ್ಜನೇ ಮಾರಾಯ! ಬತ್ತಲೆ ಕೂತಿದ್ದರು ಪಾಪ, ಮರ್ಯಾದೆ ಮಾಡಿ ಕೊಟ್ಟೆ."

ಅವನು ಹೆಬ್ಬೆರಳು ನೆಕ್ಕಿ ಕೋಟನ್ನು ಉಜ್ಜಿದ. ಬಣ್ಣ ಎದ್ದು ಬಂತು. ಕೋಟು ಹೋಯಿತು, ಮಣಿ ಮಾತ್ರ ಬರಲಿಲ್ಲ. ಮುಖದ ಕೆಳಗೆ ಬರೀ ಬಿಳಿ. "ಖಲಾಸ್," ಅಂದ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು... ನೀವಾದರೋ ಅವನು ಹೋದ ಮೇಲೆ ನನ್ನ ಹತ್ತಿರ "ಕಾಡು ಜನ, ಅವರಿಗೆ ಆರ್ಟ್ ಎಲ್ಲಿ ಗೊತ್ತಾಗ್ತದೆ" ಅಂದಿರಿ. ಅನ್ನಲಿಲ್ಲವೇ?

ಸದ್ದಾಮನ ಸೈನ್ಯ ಬಂದು ಊರಿಗೆ ಊರೇ ಬಾಗಿಲು ಮುಚ್ಚಿದಾಗ ನಮಗೆ ಖುಬ್ಬೂಸ್ ರೊಟ್ಟಿ ತಂದುಕೊಟ್ಟವನು ಯಾರು? ಅದೇ ಕಾಡು ಜನ. ನೀವು ಹೊರಗೆ ಕಾಲಿಡಲಿಲ್ಲ. ಸ್ಟುಡಿಯೋದಿಂದ ಹೊತ್ತು ತಂದಿದ್ದ ಕ್ಯಾಮೆರಾ ಮತ್ತು ಕೋಟಿನ ಪಕ್ಕ ಕೂತು ಕೆಮ್ಮಿದಿರಿ. ಒಂದು ಬೆಳಿಗ್ಗೆ ರೊಟ್ಟಿ ಕೆಳಗಿಟ್ಟ ಪೀಟರ್, "ಬಾಬಾ, ಒಂದು ಫೋಟೋ ತೆಗೆಯುತ್ತೇನೆ, ನಿನ್ನದು" ಅಂದ. ರೊಟ್ಟಿ ತಂದವನಿಗೆ ಇಲ್ಲ ಅನ್ನುವುದು ಹೇಗೆ? ನೀವು ಎದ್ದು ಕೋಟಿಗೆ ಕೈ ಹಾಕಿದಿರಿ.

"ಲಾ, ಬಾಬಾ. ಕೋಟು ಬೇಡ. ಹೀಗೇ."

"ಬನಿಯನ್ನು ಹರಿದಿದೆಯಲ್ಲ ಮಾರಾಯ!"

"ನನ್ನ ಅಜ್ಜ ಸಾಹೇಬನಿಗಾಗಿ ಬೆಳಗಿನಿಂದ ಸಿಂಗಾರ ಮಾಡಿಕೊಂಡು ಕೂತದ್ದು. ನೀನು ಬತ್ತಲೆ ಅಂದೆ. ಈಗ ನೀನು ಕೂತುಕೋ."

ಕೂತಿರಿ, ನೀರಿನ ಕ್ಯಾನಿನ ಮೇಲೆ. ಕ್ಷೌರವಿಲ್ಲದ ಗಡ್ಡ, ಎಡ ಕಂಕುಳಿನ ಹತ್ತಿರ ಲಿಂಬೆಹಣ್ಣಿನಷ್ಟು ತೂತು. ಅಷ್ಟು ಜನರಿಗೆ ಗಲ್ಲ ಎತ್ತಿ ಕೂರಲು ಹೇಳಿದವರಿಗೆ ಆ ದಿನ ಸ್ವಂತ ಗಲ್ಲ ಎತ್ತಲಿಕ್ಕಾಗಲಿಲ್ಲ. ನನಗೆ ನಗು ಬಂತು. ತಡೆದುಕೊಳ್ಳಲಿಲ್ಲ.

ನೀವು ಕೆಮ್ಮಿ ಕೆಮ್ಮಿ ಹೋದ ದಿನದ ಸುದ್ದಿ ನಿಮಗೆ ಗೊತ್ತಿರಲಿಕ್ಕಿಲ್ಲ. ಸುಡಲು ಆ ಮರಳಿನಲ್ಲಿ ಕಟ್ಟಿಗೆ ಎಲ್ಲಿಯದು? ಹೂತದ್ದು. ಗುಂಡಿ ತೋಡಿದವನು ಪೀಟರ್. ಆ ಕರಿ ಕೋಟನ್ನು ತಂದು ನಿಮ್ಮ ಗಟ್ಟಿಯಾದ ಕೈಗಳನ್ನು ಅದರೊಳಗೆ ತೂರಿಸಿ ಬಟನ್ ಹಾಕಿದವನೂ ಅವನೇ. "ಕೆಳಗೆ ಕೋಟು ಇರಲಿ, ಅಮ್ಮಾ. ಮೇಲೆ ಫೋಟೋ ಇರಲಿ" ಅಂದ. ಅದು ಕನಿಕರವೋ ಸೇಡೋ, ನಾನು ಕೇಳಲಿಲ್ಲ. ನಮ್ಮನ್ನು ಕರೆತರಲು ವಿಮಾನವಾದರೂ ಬಂತು. ಅವನಿಗೆ ಯಾವ ವಿಮಾನ? ಬಸ್ಸು ಹೊರಟಾಗ ಅವನು ಗೇಟಿನ ಹತ್ತಿರ, ಆ ಅರ್ಧ ಅಜ್ಜನನ್ನು ಅಂಗಿಯೊಳಗೆ ಇಟ್ಟುಕೊಂಡು... ಆಮೇಲೆ ಏನೂ ಗೊತ್ತಿಲ್ಲ. ನನ್ನ ಸೊಂಟದಲ್ಲಿ ಅವನು ತೆಗೆದ ನಿಮ್ಮ ಫೋಟೋದ ಫಿಲ್ಮ್ ರೋಲು ಇತ್ತು.

ಮೊನ್ನೆ ಇಲ್ಲಿಯ ಸ್ಟುಡಿಯೋದ ಹುಡುಗ ನಿಮ್ಮ ಫೋಟೋ ನೋಡಿ ನಾಲಿಗೆ ಕಚ್ಚಿಕೊಂಡ. "ಅಮ್ಮ, ಬನಿಯನ್ನಿನಲ್ಲಿ ಉಂಟಲ್ಲ. ಒಂದು ಕೋಟು ಟಚ್ ಮಾಡುವುದಾ?" ಮೋಹನ ಆಗಲಿ ಎಂದು ತಲೆ ಆಡಿಸಿದ. ಮೊಮ್ಮಗಳು ವೀಣಾ, "ಪ್ಲೀಸ್ ಅಜ್ಜಿ, ಇಟ್ಸ್ ಸೋ ಎಂಬ್ಯಾರಸಿಂಗ್," ಎಂದು ಅಳುವಷ್ಟಾದಳು. ಬ್ಲೇಡು ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ, ಮೂವರಿಗೂ.

ಈಗ ಚಾವಡಿಯಲ್ಲಿ, ಬಂದವರಿಗೆ ಮೊದಲು ಕಾಣುವ ಗೋಡೆಯಲ್ಲಿದ್ದೀರಿ. ನಿಮ್ಮ ತಂಗಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನಿರುವವರೆಗೆ ಗಾಜು ದಿನಾ ಒರೆಸುತ್ತೇನೆ, ಅದು ನನ್ನ ಮಾತು. ಸೇವಂತಿಗೆಯ ಹಾರವನ್ನೂ ನಾನೇ ಕಟ್ಟುತ್ತೇನೆ. ಗಿಡ್ಡದ್ದೇ ಕಟ್ಟುತ್ತೇನೆ, ಆ ತೂತು ಮುಚ್ಚಬಾರದು.