ಒಡೆದ ಎರಡು ಜೋಡಿ

ಮಾರ್ಚ್ 3, ಸೋಮವಾರ

ಇವತ್ತೂ ಬೆಳಗ್ಗೆಯಿಂದ ಸಾಕ್ಸ್ ಜೋಡಿಸಿದ್ದೇ ಕೆಲಸ. ಶೂ ಅಂಗಡಿಯ ಈ ಕೌಂಟರಿಗೆ ಬಂದು ಹನ್ನೊಂದು ದಿನ. ಕಲಿಸುವವರು ದೊಡ್ಡಕ್ಕ. ಇಲ್ಲೇ ಇಪ್ಪತ್ತು ವರ್ಷ. ಮಾಲೀಕರೂ ದೊಡ್ಡಕ್ಕ ಅಂತಲೇ ಕರೆಯುತ್ತಾರೆ. ಇಂದಿನ ಪಾಠ — ಕ್ಯಾನ್ವಾಸ್ ಶೂಗೆ ಗಿಡ್ಡ ಕಾಟನ್, ಹೈ ಹೀಲ್ಸಿಗೆ ತೆಳು ಸ್ಟಾಕಿಂಗ್ಸ್. ಆಫೀಸ್ ಶೂಗೆ ಪ್ಯಾಂಟಿನ ಬಣ್ಣದ್ದು, ಕೂತಾಗ ಕಾಲಿನ ಚರ್ಮ ಕಾಣದಷ್ಟು ಉದ್ದ. ಒಂದು ಸಾಕ್ಸಿಗೆ ಇಷ್ಟೊಂದು ಶಾಸ್ತ್ರವೇ ಅಂತ ಮೂಗು ಮುರಿದೆ. ಅವರ ಕಣ್ಣು ಮುಚ್ಚಿಸಿ ಐದು ಬಗೆ ಸಾಕ್ಸ್ ಕೈಗಿಟ್ಟು ಪರೀಕ್ಷೆ ಮಾಡಿದೆ. ಬರೀ ಚಿವುಟಿ ನೋಡಿ ಐದನ್ನೂ ಹೇಳಿಬಿಟ್ಟರು. ಮತ್ತೆ ಜೋಡಿಸಲು ಕೂತೆ.

ಮಾರ್ಚ್ 5, ಸಂಜೆ

ಒಬ್ಬಾತ ಬಂದಿದ್ದ. ನಾಳೆಯಿಂದ ಪೇಟೆಯಾಚೆಯ ದೊಡ್ಡ ಹೋಟೆಲಿನಲ್ಲಿ ಬಾಗಿಲು ಕಾಯುವ ಕೆಲಸ, ಕಪ್ಪು ಶೂ ಕಡ್ಡಾಯ. ಚಿಕ್ಕಂದಿನ ಯಾವುದೋ ಜ್ವರದಿಂದ ಎಡಪಾದ ಸಣ್ಣದು. ಬಲಕ್ಕೆ ಸರಿಹೋಗುವ ಶೂನಲ್ಲಿ ಎಡ ಹಿಮ್ಮಡಿ ಜಾರುತ್ತದೆ, ಕುಂಟುತ್ತಾನೆ. ಹಿಂದಿನ ಹೋಟೆಲಿನವರು ಅದನ್ನು ಕಂಡೇ ಎರಡನೇ ದಿನ ಮನೆಗೆ ಕಳಿಸಿದ್ದರಂತೆ.

ನಾನು ಮಹಾ ಬುದ್ಧಿವಂತೆ, ಎರಡೂ ಕಾಲಿಗೆ ದಪ್ಪ ಸಾಕ್ಸ್ ಕೊಟ್ಟೆ. ಎಡ ಸರಿಯಾಯಿತು. ಬಲ ಬಿಗಿದು ಮುಖ ಕಿವುಚಿದ. ಪರವಾಗಿಲ್ಲ, ತಡೆದುಕೊಳ್ಳುತ್ತೇನೆ ಅಂದ. ನನಗೇ ನಾಚಿಕೆಯಾಯಿತು.

ದೊಡ್ಡಕ್ಕ ಬಂದು ಆ ಎರಡು ಕಾಲನ್ನೇ ನೋಡುತ್ತ ಕೂತರು. ಆಮೇಲೆ ತೆಳು ಸಾಕ್ಸಿನ ಒಂದು ಜೋಡಿ ತಂದು ಬಿಡಿಸಿದರು, ದಪ್ಪದ್ದನ್ನೂ ಬಿಡಿಸಿದರು. ಇಲ್ಲಿ ಜೋಡಿ ಒಡೆಯುವುದೆಂದರೆ ಮಹಾಪಾಪ... ನನ್ನ ಮುಖ ನೋಡಿ ಅಂದರು:

"ಎರಡು ಜೋಡಿ ಒಡೆದ್ರೆ ಮತ್ತೆ ಎರಡು ಜೋಡೀನೇ ಅಲ್ವೇನೇ?"

ಎಡಕ್ಕೆ ದಪ್ಪ, ಬಲಕ್ಕೆ ತೆಳು. ಅದೇ ಕಪ್ಪು, ಅದೇ ಗೆರೆ — ಬಾಗಿಲ ಬೆಳಕಿಗೆ ಹಿಡಿದೇ ಹೊಂದಿಸಿದ್ದು. ಆತ ನಡೆದ, ಕುಂಟಲಿಲ್ಲ. ಕನ್ನಡಿಯವರೆಗೆ ಹೋದ, ತಿರುಗಿ ಬಂದ. ಇನ್ನೊಮ್ಮೆ ನಡೆದ. ಎರಡೂ ಜೋಡಿ ಕಟ್ಟಿಸಿಕೊಂಡ, ಎರಡು ದಿನಕ್ಕಾಯಿತು ಅಂತ.

ಇಂಥ ಕೈ ನನಗೆ ಯಾವ ಜನ್ಮಕ್ಕೆ ಬರುತ್ತದೋ.

ಮಾರ್ಚ್ 6

ದೊಡ್ಡಕ್ಕನಿಗೆ ಕೆಲಸದಲ್ಲಿ ಮನಸ್ಸಿಲ್ಲ. ಏನೆಂದು ಕೇಳಿದೆ. ಇಲ್ಲಿ ಸಮ ನೆಲ, ಆ ಹೋಟೆಲಿನಲ್ಲಿ ಮೆಟ್ಟಿಲುಗಳಿವೆ. ಇಳಿಯುವಾಗ ಹಿಮ್ಮಡಿ ಕಳಚಿದರೆ ಅವನ ಕೆಲಸ ಹೋಯಿತು ಅಂದರು. ಬಾಗಿಲ ಕಡೆಯೇ ಕಣ್ಣು. ಆತ ಬಂದರೆ ಕೆಟ್ಟ ಸುದ್ದಿ. ಬರಲಿಲ್ಲ.

ಮಾರ್ಚ್ 14, ಶುಕ್ರವಾರ

ಅಂಗಡಿ ಮುಗಿದ ಮೇಲೆ ದೊಡ್ಡಕ್ಕ ಸುತ್ತುದಾರಿ ಹಿಡಿದರು. ಎಲ್ಲಿಗೆಂದು ನನಗೆ ಗೊತ್ತಿತ್ತು. ಹೋಟೆಲಿನ ಎದುರು, ರಸ್ತೆಯ ಈಚೆ ನಿಂತೆವು. ಆತ ಇದ್ದ. ಕೆಂಪು ಕೋಟು, ಹಿತ್ತಾಳೆ ಗುಂಡಿ. ಕಾರು ಬಂತು. ದೊಡ್ಡಕ್ಕ ನನ್ನ ಮಣಿಕಟ್ಟು ಹಿಡಿದರು, ನೋಯುವಷ್ಟು. ಮೂರು ಮೆಟ್ಟಿಲು — ಒಂದು, ಎರಡು, ಮೂರು. ನೆಟ್ಟಗೆ ಇಳಿದ. ಕಾರಿನ ಬಾಗಿಲು ತೆರೆದ. ಯಾವ ಕಾಲು ಸಣ್ಣದೆಂದು ನನಗೇ ಮರೆತುಹೋಯಿತು. ಅಷ್ಟು ಸಂತೋಷ.

ಹೋಗೋಣವೇ ಅಂದೆ.

"ಇರೇ, ಇನ್ನೊಂದ್ಸಲ ಇಳೀಲಿ."

ಇಳಿದ. ಇನ್ನೊಂದು ಸಲವೂ ಇಳಿದ. ನಾಲ್ಕನೇ ಕಾರಿಗೆ ನಮ್ಮನ್ನು ಕಂಡುಬಿಟ್ಟ. ಅಷ್ಟು ಜನರ ಎದುರಿಗೇ ಟೋಪಿ ತೆಗೆದು, ದೊಡ್ಡಕ್ಕನ ಕಡೆ ತಲೆಬಾಗಿ ನಿಂತ.