ಸುಗಂಧಾ ಸತ್ತ ಮೇಲೆ

ಕಾಗವಾಡ,
೨೨ ಫೆಬ್ರವರಿ ೨೦೨೫

ನನ್ನ ಅವ್ವನಿಗೆ, ಮಗಳು ಉಜ್ವಲಾಳ ಶರಣು.

ಪತ್ರ ನೋಡಿ ಗಾಬರಿಯಾಗಬೇಡ. ಸಂಕ್ರಾಂತಿಯಿಂದ ನನ್ನ ಫೋನು ಇವರ ಅಂಗಿಯ ಕಿಸೆಯಲ್ಲಿದೆ. ವಾರಕ್ಕೊಮ್ಮೆ ನಿನ್ನ ಜೊತೆ ಮಾತಾಡುವಾಗ ಸ್ಪೀಕರ್ ಹಚ್ಚಿ ಮಗ್ಗುಲಲ್ಲೇ ಕೂತಿರುತ್ತಾರೆ. "ಆರಾಮ ಅದೀನಿ" ಎಂದು ನಾನು ಹೇಳಿದ್ದೆಲ್ಲ ಇವರ ಕಿವಿಗಾಗಿ ಹೇಳಿದ್ದು.

ನಿನ್ನ ಸುಗಂಧಾ ಸತ್ತಳಲ್ಲ, ನೋಡಿದೆಯಾ? ನೋಡದೆ ಇರುತ್ತೀಯಾ! ರಾಯಬಾಗದಲ್ಲಿ ಏಳೂವರೆಗೆ ಹಾಲು ಉಕ್ಕಿ ಹೋದರೂ ಆ ಮರಾಠಿ ಧಾರಾವಾಹಿ ಬಿಟ್ಟು ನೀನು ಏಳುವವಳಲ್ಲ. ನಾಲ್ಕು ವರ್ಷದಿಂದ ನಾನು ಅತ್ತಾಗಲೆಲ್ಲ ನೀನು ಅವಳನ್ನೇ ತೋರಿಸಿದೆ. "ಸುಗಂಧಾನ ನೋಡಿ ಕಲಿ. ಎಷ್ಟ ತಾಳಾಕತ್ತಾಳ! ತಾಳಿದಾಕಿ ಬಾಳ್ಯಾಳ." ನಾನೂ ನಂಬಿದೆ. ಅವಳ ಗಂಡನಿಗೆ ಬುದ್ಧಿ ಬಂದರೆ ಇವರಿಗೂ ಒಂದು ದಿನ ಬಂದೀತು ಎಂದು ಕಾದೆ. ಕಡೆಯ ಕಂತಿನಲ್ಲಿ ಅವಳು ಜ್ವರದಲ್ಲೇ ರೊಟ್ಟಿ ಬಡಿಯುತ್ತ ಒಲೆಯ ಮುಂದೆ ಬಿದ್ದು ಸತ್ತಳು. ಗಂಡ ಫೋಟೋಕ್ಕೆ ಹಾರ ಹಾಕಿ ಗೊಳೋ ಎಂದು ಅತ್ತ. ಬುದ್ಧಿ ಬಂತು, ಯಾರಿಗೆ ಬೇಕಾಗಿತ್ತು?

ನಮ್ಮತ್ತೆ ಶಿವಗಂಗವ್ವ ಮನೆಯ ಮಗಳೇ ಹೋದಂತೆ ಅತ್ತರು. ಟಿವಿ ಬಂದ್ ಮಾಡಿ, "ಇವತ್ತ ಒಲಿ ಹಚ್ಚಬ್ಯಾಡ" ಅಂದರು. ಪಕ್ಕದ ಮನೆಯ ನೀಲಮ, ಸಾವಿನ ಮನೆಗೆ ಕೊಡುವ ಹಾಗೆ, ರೊಟ್ಟಿ ಜುಣಕ ತಂದು ಕೊಟ್ಟಳು. ನನಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ನನಗಾಗಿ ಅತ್ತೆ ಎಂದೂ ಒಂದು ಹನಿ ಕಣ್ಣೀರು ಹಾಕಿದವರಲ್ಲ.

ದ್ರಾಕ್ಷಿ ಒಣಗಿಸುವ ಮಣೂಕದ ಶೆಡ್ಡಿನಿಂದ ಬಂದ ಇವರು ತಣ್ಣಗಿನ ಒಲೆ ನೋಡಿ, "ಟಿವ್ಯಾಗ ಸತ್ತಾಕಿಗೆ ನಮ್ಮ ಮನ್ಯಾಗ ಉಪಾಸ ಏನ?" ಎಂದು ಕೂಗಾಡಿದರು. ಒಲೆ ಬೇಡವೆಂದವರು ಅತ್ತೆ, ಹೊಡೆತ ಬಿದ್ದದ್ದು ನನಗೆ. ನಾನು ದೀಪಾವಳಿಗೆ ಊರಿಗೆ ಬಂದಾಗ ತೋಳಿನ ಗಾಯ ನೋಡಿ ನೀನು ಕೇಳಿದ್ದೆ. ದ್ರಾಕ್ಷಿ ತೋಟದ ತಂತಿ ತಾಗಿತು ಅಂದಿದ್ದೆ. ತಂತಿಯಲ್ಲ, ಅವ್ವ. ನಾನು ಸುಳ್ಳು ಹೇಳಿದೆ, ನೀನು ಎರಡನೇ ಸಲ ಕೇಳಲಿಲ್ಲ.

ಬಚ್ಚಲಲ್ಲಿ ಮುಖ ತೊಳೆಯುವಾಗ ಒಂದು ಮಾತು ಹೊಳೆದು ಎದೆ ಹಗುರಾಯಿತು. ಸುಗಂಧಾ ಗೆದ್ದಿದ್ದರೆ ನಾನು ಇನ್ನೂ ಹತ್ತು ವರ್ಷ ಇಲ್ಲೇ ಕಾಯುತ್ತಿದ್ದೆ. ನೀನೂ ಕಾಯಿಸುತ್ತಿದ್ದೆ. ಆ ಪುಣ್ಯಾತ್ಗಿತ್ತಿ ಸತ್ತು ನಿನ್ನ ಬಾಯಿ ಮುಚ್ಚಿಸಿದಳು. ಅವಳ ಕಥೆ ಮುಗಿಯಿತು, ನಾನಿನ್ನೂ ಬದುಕಿದ್ದೇನೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಬದುಕುವ ಆಸೆ ಆಗಿದೆ.

ರಾಜಿ ಮಾಡಿಸಲು ಪಂಚರನ್ನು ಕಳಿಸಬೇಡ. ಅಣ್ಣನ ಕೈಲಿ ಬುದ್ಧಿವಾದವನ್ನೂ ಕಳಿಸಬೇಡ. ನನ್ನನ್ನು ಕರೆದುಕೊಂಡು ಹೋಗು. ಜನ ಏನಂದಾರು ಎಂಬುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹೇಗೆ ಹೊರಬೀಳಬೇಕೋ ಅದೂ ತಿಳಿಯದು. ಅತ್ತೆ ಜೊತೆಗಿಲ್ಲದೆ ಇವರು ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಬಿಡುವುದಿಲ್ಲ.

ನಿನ್ನ ದಾರಿ ಕಾಯುವ,
ಉಜ್ವಲಾ

ತಾ.ಕ.: ಇಷ್ಟು ಬರೆದು ತಲೆ ಎತ್ತಿದರೆ ಬೆನ್ನ ಹಿಂದೆ ಅತ್ತೆ ನಿಂತಿದ್ದರು. ಪೂರ್ತಿ ಓದಿ ಹೇಳು ಅಂದರು, ಓದಿದೆ. "ಅಂವ ಹೊಡಿಯೂವಾಗ ಕೇಳಬಾರ್ದಂತ ನಾ ಟಿವಿ ದನಿ ಏರಸ್ತಿದ್ನಿ. ನಿಮ್ಮವ್ವಗ ಅದನ್ನೂ ಬರಿ" ಅಂದರು. ಬರೆದಿದ್ದೇನೆ. ಪತ್ರವನ್ನು ನೀಲಮ ಅಂಚೆಗೆ ಹಾಕುತ್ತಾಳೆ. ಬರುವ ಶುಕ್ರವಾರ ಅತ್ತೆ ನನ್ನನ್ನು ಕೊಕಟನೂರ ಎಲ್ಲವ್ವನ ಗುಡಿಗೆ ಕರೆತರುತ್ತಾರೆ. ಹನ್ನೊಂದರೊಳಗೆ ನೀನು ಅಲ್ಲಿರಬೇಕು. ಮಗನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. "ಹೇಳೂದೇನೈತಿ? ನಾ ಒಬ್ಬಾಕಿನ ಹೊಳ್ಳಿ ಬರ್ತೀನಿ" ಅಂದರು.