ಎರಡು ಲೈನು, ಒಂದು ಕ್ಯಾಮೆರಾ

ಆಗಸ್ಟ್ 4, ಮಧ್ಯಾಹ್ನ

ಪುಟ್ಟಿ ಮಲಗಿದಳು. ಮತ್ತೆ ಸ್ಪೀಡ್ ಟೆಸ್ಟ್ ಮಾಡಿದೆ. ಮೈದುನ ಸುಜನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ — ಟೆಸ್ಟಿಗೆಂದು ಮಾತ್ರ ನನ್ನ ಫೋನ್ ನನ್ನ ಕೈಗೆ ಬರುತ್ತದೆ. ಡೌನ್‌ಲೋಡ್ ಎಂಟು ಎಂಬಿ. ಅಪ್‌ಲೋಡ್ ಅರ್ಧವೂ ಇಲ್ಲ. ಹಳೆಯ ಫೋನ್ ತಂತಿಯಲ್ಲಿ ಬರುವ ಡಿಎಸ್‌ಎಲ್. ಒಳಗೆ ಬರುವ ದಾರಿ ಅಗಲ, ಹೊರಗೆ ಹೋಗುವ ದಾರಿ ಕಿರಿದು. ಕ್ಯಾಮೆರಾದ ಚಿತ್ರ ಹೊರಗೆ ಹೋಗಬೇಕು. ಶಾರ್ಜಾದಲ್ಲಿ ಕೂತ ಗಂಡ ಪ್ರವೀತ್‌ಗೆ ಹಾಲ್‌ನಲ್ಲಿರುವ ಹೆಂಡತಿ ಕಾಣಬೇಕು.

ನಿನ್ನೆ ಸಂಜೆ ಕಾಣಲಿಲ್ಲ. ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದಾಗ ನೆಟ್ ಹೋಗಿತ್ತು. ನಾನೇ ವಯರ್ ತೆಗೆದದ್ದಂತೆ. ನೆಟ್ ಬಂದ ಮೇಲೆ ಕ್ಯಾಮೆರಾದೊಳಗಿಂದ ಪ್ರವೀತ್ ಹೇಳಿದರು, "ಸುಜನ್, ಒಂದು ಕೊಡು."

ಕೊಟ್ಟ. ಕಿವಿಯೊಳಗೆ ಗುಂಯ್ ಎಂದಿತು.

"ಕಾಣಲಿಲ್ಲ ಮಾರಾಯ. ಇಲ್ಲಿ ಸ್ಟಕ್ ಆಯ್ತು. ಇನ್ನೊಮ್ಮೆ."

"ಬಿತ್ತು ಅಣ್ಣ. ಸರಿಯಾಗಿಯೇ ಬಿತ್ತು."

"ನಾನು ನೋಡಬೇಡವಾ?"

ಇನ್ನೊಮ್ಮೆ. ಮತ್ತೆ ಸ್ಟಕ್. ಮತ್ತೊಮ್ಮೆ. ನೆಟ್ ಸರಿ ಇದ್ದಿದ್ದರೆ ಒಂದರಲ್ಲಿ ಮುಗಿಯುತ್ತಿತ್ತು.

ಬಚ್ಚಲಿನಲ್ಲಿ ಬಕೆಟ್ ಮಗುಚಿ ಕೂತು ಬರೆಯುತ್ತಿದ್ದೇನೆ. ಕ್ಯಾಮೆರಾದ ಕಣ್ಣು ಇಲ್ಲಿಗೆ ಮುಟ್ಟುವುದಿಲ್ಲ. ನಿದ್ದೆಯೂ ಇಲ್ಲ, ಎಷ್ಟು ದಿನವಾಯಿತೋ.

ಆಗಸ್ಟ್ 9, ಮಧ್ಯಾಹ್ನ

ಕೇಬಲ್ ನೆಟ್ ಬಂತು. ಹರಿನಾಥ ಎಂಬವನು ಮುಳ್ಳೇರಿಯ ಪೇಟೆಯಿಂದ ಬಂದು ಹಾಕಿದ. ಪ್ರವೀತ್ ಮೊದಲೇ ಹೇಳಿದ್ದರು — ಮೂರು ವಾರ ಎರಡನ್ನೂ ಹೋಲಿಸಿ ನೋಡು, ಬಿಸಿಎ ಓದಿದವಳಲ್ಲವಾ ನೀನು.

"ಇನ್ನು ನಿಮ್ಮ ಯಜಮಾನರಿಗೆ ಅಲ್ಲಿಂದಲೇ ಗೋಡೆಯ ಇರುವೆ ಕಾಣ್ತದೆ ಅಕ್ಕ."

"ಇದು ಹೋಗುವುದು ಯಾವಾಗ?"

"ಕರೆಂಟು ಹೋದಾಗ. ಪೇಟೆಯ ಕೇಬಲ್ ಪೆಟ್ಟಿಗೆಯಲ್ಲಿ ಬ್ಯಾಟರಿ ಉಂಟು, ಅದು ಮುಗಿಯುವವರೆಗೆ ತೊಂದರೆ ಇಲ್ಲ." ಆಮೇಲೆ ನನ್ನ ಕೆನ್ನೆ ನೋಡಿದ. "ಎಂತ, ಹಲ್ಲು ನೋವಾ?"

"ಹೌದು."

"ಲವಂಗ ಇಡಿ."

ಆಗಸ್ಟ್ 10

ಅಷ್ಟಕ್ಕೇ. "ಕಂಡವರಿಗೆಲ್ಲ ಹಲ್ಲು ನೋವು ಅಂತ ಯಾಕೆ ಹೇಳುವುದು?" ಎಂದರು ಪ್ರವೀತ್. ನಿನ್ನೆ ಸುಜನನ ಬೆಲ್ಟು. ಬೆನ್ನಿಗೆ. ಒಂದೇ. ಶಾರ್ಜಾದಿಂದ, "ಹಾ, ಈಗ ಕ್ಲಿಯರ್."

ಒಂದೇ ಆದದ್ದಕ್ಕೆ ನೆಮ್ಮದಿಯಾಯಿತು. ಈ ವಾಕ್ಯವನ್ನು ಹೊಡೆದುಹಾಕಬೇಕು... ಇರಲಿ.

ಆಗಸ್ಟ್ 30, ಬೆಳಿಗ್ಗೆ

ಮೊನ್ನೆ ರಿಪೋರ್ಟ್ ಕೊಟ್ಟೆ. ನಿಜವನ್ನೇ ಹೇಳಿದೆ. ಕೇಬಲ್ ಎಷ್ಟೋ ಪಾಲು ಸ್ಪೀಡ್. ಸಂಜೆ ಊರೆಲ್ಲ ಅದನ್ನೇ ಹಂಚಿಕೊಳ್ಳುವಾಗ ಸ್ವಲ್ಪ ಇಳಿಯುತ್ತದೆ, ಆದರೂ ಚಿತ್ರ ನಿಲ್ಲುವುದಿಲ್ಲ. ಫೋನ್ ಲೈನು ನಿಧಾನ, ಆದರೆ ಯಾವ ಹೊತ್ತಿಗೂ ಅಷ್ಟೇ. ಕರೆಂಟು ಹೋದರೂ ಸಾಯುವುದಿಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜನರೇಟರ್ ಉಂಟು. ಸ್ಪೀಡಿಗೆ ಕೇಬಲ್, ಭರವಸೆಗೆ ಫೋನ್ ಲೈನು.

ಪ್ರವೀತ್ ನಕ್ಕರು. "ಹಾಗಾದರೆ ಎರಡೂ ಇರಲಿ." ಒಂದು ಹೋದರೆ ಇನ್ನೊಂದು ತಾನಾಗಿ ಹಿಡಿಯುವ ರೂಟರ್ ತರಿಸಿದ್ದಾರೆ. ಇನ್ವರ್ಟರಿಗೆ ಜೋಡಿಸಿಯೂ ಆಯಿತು. ನೆಟ್ ಇದ್ದರೆ ಕ್ಯಾಮೆರಾದಲ್ಲಿ ನೀಲಿ ದೀಪ, ಇಲ್ಲದಿದ್ದರೆ ಕೆಂಪು. ಕೆಂಪು ಹತ್ತುವುದೇ ಇಲ್ಲ ಇನ್ನು.

ಪರೀಕ್ಷೆಯಲ್ಲಿ ಕೇಳಿದಂತೆ ಉತ್ತರ ಬರೆದೆ. ಸುಳ್ಳು ಹೇಳಬಹುದಿತ್ತು. ಹೊಳೆಯಲೇ ಇಲ್ಲ.

ಸಂಜೆ

"ಮುಖಕ್ಕೆ ಬೇಡ. ಅಂಗನವಾಡಿ ಟೀಚರ್ ಬರ್ತಾರೆ. ಕೆಳಗೆ ಕೊಡು." ಸೊಂಟದ ಕೆಳಗೆ. ಕೂರಲಾಗುತ್ತಿಲ್ಲ. ನಿಂತು ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 23

ಎಡಗೈ ಬರಹ. ಬಲಗೈಯ ಎರಡು ಬೆರಳು ಮುರಿದಿವೆ. ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ ಸುಜನ್. ಪಾತ್ರೆ ತೊಳೆಯುವ ಕಲ್ಲಿನಲ್ಲಿ ಜಾರಿದೆ ಎಂದೆ ಡಾಕ್ಟರಿಗೆ. ಸುಜನ್ ಪಕ್ಕದಲ್ಲಿ ಪುಟ್ಟಿಯನ್ನು ಎತ್ತಿಕೊಂಡು ನಿಂತಿದ್ದ. "ಅತ್ತಿಗೆಗೆ ಅವಸರ ಜಾಸ್ತಿ ಡಾಕ್ಟ್ರೇ." ಎಲ್ಲರೂ ನಕ್ಕರು.

ಬೆರಳಿನದು ಬಿಡು. ಅದಕ್ಕೆ ಮೊದಲು ಆದದ್ದು ಬರೆಯಬೇಕು. ಪುಟ್ಟಿ ಅಳುತ್ತಿದ್ದಳು. "ಮೊದಲು ಅದರ ಬಾಯಿ ಮುಚ್ಚಿಸು. ಎಂತದೂ ಕೇಳ್ತಾ ಇಲ್ಲ ಇಲ್ಲಿ." ಅದರ — ಮಗಳನ್ನು ಪ್ರವೀತ್ ಹಾಗೆಯೇ ಹೇಳಿದ್ದು. ಸುಜನ್ ಅಂಗೈಯಿಂದ ಬಾಯಿ ಮುಚ್ಚಿದ. ಮೂಗೂ ಸೇರಿ. ಅವನ ಕೈ ಅವಳ ಮುಖಕ್ಕಿಂತ ದೊಡ್ಡದು. ಅವಳ ಕಾಲುಗಳು ಒದ್ದುಕೊಂಡವು. ಆಮೇಲೆ ಒದ್ದುಕೊಳ್ಳಲಿಲ್ಲ. ನಾನು ಅವನ ತೋಳು ಕಚ್ಚಿದೆ. ನನ್ನ ಬಾಯಿಗೆ ರಕ್ತ ಬಂತು, ಅವನು ಬಿಡಲಿಲ್ಲ.

ಅತ್ತೆ ಅಡುಗೆಮನೆಯಿಂದ ಬಂದರು. ಇಷ್ಟು ದಿನ ಒಂದು ಮಾತೂ ಆಡದ ಅತ್ತೆ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ನಾನು ಅನ್ನ ಹಾಕಿ ಬೆಳೆಸಿದ ಕೈ ಇದು. ಬಿಡು."

ಪುಟ್ಟಿ ಉಸಿರೆಳೆದಳು. ನೀಲಿಯಾಗಿದ್ದಳು. ಅತ್ತೆ ಅವಳನ್ನೆತ್ತಿಕೊಂಡು ಒಳಗೆ ಹೋದರು. ನನ್ನ ಬೆರಳು ಆಮೇಲಿನದು, ಕಚ್ಚಿದ್ದಕ್ಕೆ.

ಅಂದಿನಿಂದ ರೆಪ್ಪೆ ಮುಚ್ಚಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಕೂತಿರುತ್ತೇನೆ.

ಅಕ್ಟೋಬರ್ 15, ಸಂಜೆ

ಮೊದಲ ಗುಡುಗು. ಅತ್ತೆ ಓಡಿಬಂದು ಗೋಡೆಯಿಂದ ಫೋನ್ ವಯರ್ ಎಳೆದುಬಿಟ್ಟರು. ಇಲ್ಲಿ ಎಲ್ಲ ಮನೆಗಳಲ್ಲೂ ಹಾಗೆಯೇ. ಹೋದ ವರ್ಷ ಸಿಡಿಲಿಗೆ ಹಳೆಯ ಮೋಡೆಮ್ ಸುಟ್ಟಿತ್ತು. ಕರೆಂಟೂ ಹೋಯಿತು. ಸ್ವಲ್ಪ ಹೊತ್ತು ಕೇಬಲ್ ಇತ್ತು. ಪೇಟೆಯ ಬ್ಯಾಟರಿ ಮುಗಿಯಿತೋ ಏನೋ — ಕೆಂಪು ದೀಪ.

ಸುಜನ್ ಜಗಲಿಯಲ್ಲಿ ಕೂತು ಕಡಲೆ ತಿಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡುವ ಅಣ್ಣ ಇಲ್ಲದಿದ್ದರೆ ಅವನ ಕೈ ಏಳುವುದಿಲ್ಲ. ಅವನಿಗೆ ಬೇಕಾದದ್ದು ಅಣ್ಣ ಕೊಡಿಸುವ ಗಲ್ಫ್ ವೀಸಾ.

ಈ ಮನೆಯಲ್ಲಿ ಮೊಬೈಲ್ ರೇಂಜ್ ಇಲ್ಲ. ನೆಟ್ ಇಲ್ಲದಾಗ ಸುಜನ್ ಅಣ್ಣನಿಗೆ ಫೋನ್ ಮಾಡಬೇಕಾದರೆ ಬೈಕಿನಲ್ಲಿ ರಬ್ಬರ್ ತೋಟದ ಗುಡ್ಡದ ಏರಿಗೆ ಹೋಗಬೇಕು. ಇಷ್ಟು ದಿನ ಹೋಗದ ನೆಟ್ ಯಾವುದೆಂದು ಹುಡುಕಿದೆ. ಈಗ ಎರಡೂ ಒಟ್ಟಿಗೆ ಯಾವಾಗ ಹೋಗುತ್ತವೆ ಎಂದು ತಿಳಿಯಿತು.

ಅಕ್ಟೋಬರ್ 24

ಗುಡುಗಿ ಕೆಂಪು ಹತ್ತಿದಾಗ ಪುಟ್ಟಿಯನ್ನು ಎತ್ತಿಕೊಂಡು ಹಿತ್ತಲಿನಿಂದ ಹೊರಟೆ. ರಸ್ತೆಗೆ ಮುಟ್ಟಿದೆ. ಜೀಪೂ ಬರುತ್ತಿತ್ತು. ಅದರ ಮೊದಲು ಸುಜನನ ಬೈಕು ಬಂತು.

ಕೆಂಪು ದೀಪ ನೀಲಿಯಾಗುವವರೆಗೆ ಹಾಲ್‌ನಲ್ಲಿ ಕೂರಿಸಿದ. ಕಾಯಿಸಿದ. ಆಮೇಲೆ ಪೈಪಿನ ತುಂಡು. ಕಾಲಿಗೆ, ಓಡಿದ ಕಾಲಿಗೆ. ಪ್ರವೀತ್ ಊಟ ಮಾಡುತ್ತ ನೋಡಿದ. ಅಗಿಯುವ ಸದ್ದು ಕೇಳುತ್ತಿತ್ತು. ನಾನು ಕೂಗಲಿಲ್ಲ, ಕೂಗಿದರೆ ಪುಟ್ಟಿ ಏಳುತ್ತಾಳೆ, ಅವಳು ಅತ್ತರೆ...

ಕೊನೆಗೆ ಪ್ರವೀತ್ ಹೇಳಿದ, "ನವೆಂಬರ್ ಏಳಕ್ಕೆ ಬರ್ತೇನೆ. ಮಗುವನ್ನು ಅಮ್ಮ ನೋಡಲಿ. ನಿನ್ನನ್ನು ನಾನು ನೋಡ್ತೇನೆ." ಮತ್ತೆ, "ಅಮ್ಮ, ಇನ್ನು ಗುಡುಗಿದರೆ ವಯರ್ ಎಳೆಯಬೇಡಿ. ಸುಟ್ಟರೆ ಹೊಸದು ತರುವ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, "ಆಯ್ತು ಮಗ" ಎಂದರು.

ನವೆಂಬರ್ 5, ಮಧ್ಯಾಹ್ನ

ನಿನ್ನೆ ಗುಡುಗಿತು. ಅತ್ತೆ ಎಳೆಯಲಿಲ್ಲ. ಕರೆಂಟು ಹೋಯಿತು, ಕೇಬಲ್ ಹೋಯಿತು, ನೀಲಿ ದೀಪ ಹೋಗಲಿಲ್ಲ. ನನ್ನ ರಿಪೋರ್ಟಿನ ಪ್ರಕಾರವೇ. ಭರವಸೆಗೆ ಫೋನ್ ಲೈನು.

ನಾಡಿದ್ದು ಪ್ರವೀತ್ ಬರುತ್ತಾನೆ. ಸುಜನ್ ನಮ್ಮ ಕೋಣೆಯ ಕಿಟಕಿಗಳಿಗೆ ಒಳಗಿನಿಂದ ಹಲಗೆ ಹೊಡೆಯುತ್ತಿದ್ದಾನೆ. "ಎಸಿ ಹಾಕ್ಲಿಕ್ಕೆ ಅತ್ತಿಗೆ. ಅಣ್ಣನಿಗೆ ಸೆಕೆ ಆಗುದಿಲ್ಲ." ನನ್ನ ಮುಖ ನೋಡಿ ನಗುತ್ತಾನೆ. ಹಲಗೆಯ ಹೊರಗೆ ಏನೂ ಕೇಳಲಾರದು. ಕ್ಯಾಮೆರಾ ಬೇಡವಾಗುತ್ತದೆ ಆಗ.

ಪುಟ್ಟಿಗೆ ಎರಡನೆಯ ಹಲ್ಲು ಬಂದಿದೆ.

ನವೆಂಬರ್ 6, ಬಸ್ಸಿನಲ್ಲಿ

ಬರೆಯದಿದ್ದರೆ ಕೂಗಿಬಿಡುತ್ತೇನೆ.

ಬೆಳಿಗ್ಗೆಯೇ ಪೇಟೆಗೂ ನಮ್ಮೂರಿಗೂ ಕರೆಂಟು ತೆಗೆದಿದ್ದರು, ಲೈನಿನ ಕೆಲಸವಂತೆ, ಸಂಜೆಯವರೆಗೆ ಇಲ್ಲ. ಕೇಬಲ್ ಸತ್ತಿತ್ತು. ಬಿಸಿಲು ಸುಡುತ್ತಿತ್ತು. ಮೋಡದ ಒಂದು ಚೂರಿಲ್ಲ. ಅತ್ತೆ ಹಾಲ್‌ಗೆ ಬಂದರು. ಗೋಡೆಯ ಫೋನ್ ವಯರ್ ಹಿಡಿದು ಎಳೆದರು.

ಕೆಂಪು.

ಸುಜನ್ ಸುತ್ತಿಗೆ ಹಿಡಿದುಕೊಂಡೇ ಬಂದ. "ಅಮ್ಮ, ಎಂತ ಇದು?"

"ಗುಡುಗಿತು."

"ಬಿಸಿಲುಂಟು."

"ನನಗೆ ಕೇಳಿತು. ನಿನಗೆ ಕಿವಿ ಇಲ್ಲವಾ?"

ಅವನು ಸುತ್ತಿಗೆ ಕೆಳಗಿಟ್ಟು, ಗೋಡೆಗೆ ಅಂಗೈ ಊರಿ, ವಯರಿಗೆ ಬಗ್ಗಿದ. ಅತ್ತೆಯ ಸೆರಗಿನ ಅಡಿಯಲ್ಲಿ ತೆಂಗಿನಕಾಯಿ ಒಡೆಯುವ ಕತ್ತಿ ಇತ್ತು. ಅದರ ಬೆನ್ನಿನಿಂದ ಮಣಿಕಟ್ಟಿಗೆ ಹೊಡೆದರು. ಕಾಯಿ ಒಡೆದ ಸದ್ದೇ. ಅವನು ಕೂಗುವ ಮೊದಲೇ ಇನ್ನೊಂದು, ಅದೇ ಜಾಗಕ್ಕೆ. ಅವನ ಕೈ ತೋಳಿನಿಂದ ಬೇರೆ ದಿಕ್ಕಿಗೆ ತೂಗಿತು. ಪುಟ್ಟಿಯ ಬಾಯಿ ಮುಚ್ಚಿದ ಕೈ. ಇನ್ನು ಅದರಲ್ಲಿ ಬೈಕ್ ಹಿಡಿಯಲಾಗದು. ನೆಲದಲ್ಲಿ ಹೊರಳಿದ, "ಅಮ್ಮಾ, ಅಮ್ಮಾ" ಎಂದು, ಸಣ್ಣ ಮಕ್ಕಳ ಹಾಗೆ. ಅತ್ತೆ ಅವನ ಎದೆಯ ಮೇಲೆ ಕಾಲಿಟ್ಟು ನಿಂತರು. ಅಳುತ್ತಿದ್ದರು.

ನನಗೆ ಹೇಳಿದ್ದು ಇಷ್ಟೇ. "ಗುಡುಗು ನಿಲ್ಲುವುದರೊಳಗೆ ಹೋಗು ಮಗಾ."

"ನೀವೂ ಬನ್ನಿ ಅತ್ತೆ."

"ಇವನನ್ನು ಹಿಡಿಯುವವರು ಯಾರು?"

ಪುಟ್ಟಿಯನ್ನೆತ್ತಿಕೊಂಡು ಕುಂಟುತ್ತಲೇ ಓಡಿದೆ. ಜೀಪು ಸಿಕ್ಕಿತು. ಮುಳ್ಳೇರಿಯದಲ್ಲಿ ಈ ಬಸ್ಸು. ಎಡನೀರಿನ ತವರು ಮುಟ್ಟಿದರೆ ಅಪ್ಪ ಪೊಲೀಸಿಗೆ ಹೇಳುತ್ತಾರೆ, ಅತ್ತೆಯನ್ನು ಕರೆತರುತ್ತಾರೆ, ಸಂಜೆಯೊಳಗೆ. ಸಂಜೆಯವರೆಗೆ ಕರೆಂಟಿಲ್ಲ, ಸಾಕಷ್ಟು ಹೊತ್ತುಂಟು. ಪುಟ್ಟಿ ಮಡಿಲಲ್ಲಿ ನಿದ್ದೆ ಹೋಗಿದ್ದಾಳೆ. ಬೆರಳಿಟ್ಟು ನೋಡಿದೆ, ಉಸಿರು ಬೆಚ್ಚಗೆ ಉಂಟು.

ಬಸ್ಸು ಇನ್ನೂ ಹೊರಟಿಲ್ಲ. ಎದುರಿನ ಬೇಕರಿಯ ಫ್ಯಾನ್ ತಿರುಗತೊಡಗಿತು. ಟ್ಯೂಬ್‌ಲೈಟ್ ಹತ್ತಿತು. ಬೇಕರಿಯವನು ಹೊರಗೆ ಬಂದು, "ಇಷ್ಟು ಬೇಗ ಬಂತಾ ಇವತ್ತು!" ಎನ್ನುತ್ತಿದ್ದಾನೆ.

ಕರೆಂಟು ಬಂದರೆ ಕೇಬಲ್ ಕೂಡಲೇ ಹಿಡಿಯುತ್ತದೆ. ಶಾರ್ಜಾದಲ್ಲಿ ಚಿತ್ರ ಕ್ಲಿಯರ್. ಹಾಲ್‌ನಲ್ಲಿ ಈಗ ಅತ್ತೆ —